ಚಿಪ್ಪುಮೀನು ಸಾಕಿದರೆ ಲಗೂನ್ ನೀರು ತಿಳಿಯಾಗುತ್ತಾ, ಕೆಡುತ್ತಾ? ಪದೇ ಪದೇ ಕೇಳುವ ಪ್ರಶ್ನೆಗಳು

ಚಿಪ್ಪುಮೀನು ಕೃಷಿಯ ಮಾತು ಬಂದರೆ ಜನ ಎರಡು ಗುಂಪಾಗಿಬಿಡುತ್ತಾರೆ. "ಚಿಪ್ಪುಮೀನು ನೀರು ಸೋಸುತ್ತೆ, ಎಷ್ಟು ಹಾಕಿದರೂ ಒಳ್ಳೆಯದೇ" ಅನ್ನುವವರು ಒಂದು ಕಡೆ. "ಕೆಳಗೆ ಬರೀ ಕೊಳೆ ತುಂಬುತ್ತೆ, ನೀರೆಲ್ಲ ನಾರುತ್ತೆ" ಅನ್ನುವವರು ಇನ್ನೊಂದು ಕಡೆ. ಇಬ್ಬರೂ ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದಾರೆ. ಕಂಡ ಜಾಗ ಬೇರೆ ಬೇರೆ, ಅಷ್ಟೆ. ಎಲ್ಲಿ ಯಾವುದು ಆಗುತ್ತದೆ, ಯಾಕೆ ಆಗುತ್ತದೆ ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳಿದ್ದೇವೆ.

ಲಗೂನ್ ಅಂದರೆ ಏನು? ಸಮುದ್ರದ ನೀರೇ ಅಲ್ವಾ ಅದು?

ಸಮುದ್ರದ ನೀರೇ, ಆದರೆ ಅರ್ಧ ಬಾಗಿಲು ಹಾಕಿಕೊಂಡ ಸಮುದ್ರ. ತೀರಕ್ಕೂ ಕಡಲಿಗೂ ನಡುವೆ ಒಂದು ಮರಳ ದಿಬ್ಬ ಇರುತ್ತದೆ. ಅದರ ಹಿಂದೆ ಆಳವಿಲ್ಲದ ಅಗಲವಾದ ನೀರು ನಿಂತಿರುತ್ತದೆ. ಕಡಲಿಗೆ ಸೇರುವ ಅಳಿವೆ ಬಾಯಿ ಒಂದೋ ಎರಡೋ. ನೀರು ಬದಲಾಗಬೇಕಾದರೆ ಅದರ ಮೂಲಕವೇ ಹೋಗಿ ಬರಬೇಕು. ಕೆಲವು ಲಗೂನ್‌ಗಳಲ್ಲಿ ಎರಡು ಮೂರು ದಿನಕ್ಕೆ ನೀರು ಹೊಸದಾಗುತ್ತದೆ. ಕೆಲವದರಲ್ಲಿ ತಿಂಗಳುಗಟ್ಟಲೆ ಹಿಡಿಯುತ್ತದೆ. ಈ ಒಂದು ವ್ಯತ್ಯಾಸ ನೆನಪಿರಲಿ. ಮುಂದೆ ಬರುವ ಅರ್ಧ ಉತ್ತರಗಳು ಇದರ ಮೇಲೆಯೇ ನಿಂತಿವೆ.

ಸಿಗಡಿ ಕೃಷಿಯೂ ಇದರಲ್ಲಿ ಬರುತ್ತಾ?

ಇಲ್ಲ. ಇಲ್ಲಿ ಹೇಳುವುದು ಎರಡು ಚಿಪ್ಪಿನ ಜೀವಿಗಳ ಬಗ್ಗೆ ಮಾತ್ರ: ಸಿಂಪಿ, ಮಸೆಲ್ (ಬಂಡೆಗೆ, ಹಗ್ಗಕ್ಕೆ ಅಂಟಿಕೊಂಡು ಬೆಳೆಯುವ ಉದ್ದನೆಯ ಚಿಪ್ಪಿನದು), ಕಪ್ಪೆಚಿಪ್ಪು. ಸಿಗಡಿಗೆ, ಪಂಜರದ ಮೀನಿಗೆ ಹೊರಗಿನಿಂದ ಮೇವು ಹಾಕಬೇಕು. ತಿನ್ನದೆ ಉಳಿದ ಮೇವು, ಅವುಗಳ ಹಿಕ್ಕೆ ಎಲ್ಲ ನೀರಿಗೆ ಸೇರುವ ಹೊಸ ಹೊರೆ. ಚಿಪ್ಪುಮೀನಿಗೆ ಯಾರೂ ಒಂದು ಹಿಡಿ ಮೇವನ್ನೂ ಹಾಕುವುದಿಲ್ಲ. ನೀರಲ್ಲಿ ಈಗಾಗಲೇ ತೇಲುತ್ತಿರುವ ಸೂಕ್ಷ್ಮ ಪಾಚಿಯೇ ಅವುಗಳ ಊಟ. ಹಾಗಾಗಿ ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ.

ಚಿಪ್ಪುಮೀನು ನೀರು ಸೋಸುತ್ತೆ ಅಂತಾರಲ್ಲ, ನಿಜಾನಾ?

ನಿಜ. ಬೇಕಾದರೆ ಎರಡು ಗಾಜಿನ ಜಾಡಿ ಇಟ್ಟು ನೋಡಿ. ಎರಡಕ್ಕೂ ಪಾಚಿಯಿಂದ ಹಸಿರಾದ ಉಪ್ಪುನೀರು ತುಂಬಿ. ಒಂದರಲ್ಲಿ ನಾಲ್ಕೈದು ಜೀವಂತ ಮಸೆಲ್ ಬಿಡಿ, ಇನ್ನೊಂದನ್ನು ಹಾಗೇ ಬಿಡಿ. ಮೊದಲು ಏನೂ ಆಗುವುದಿಲ್ಲ, ಚಿಪ್ಪು ಬಿಗಿಯಾಗಿ ಮುಚ್ಚಿರುತ್ತದೆ. ಸ್ವಲ್ಪ ಹೊತ್ತಿಗೆ ಉಗುರಿನ ದಪ್ಪದಷ್ಟು ಬಿರಿಯುತ್ತದೆ. ಒಳಗಿಂದ ನೆರಿಗೆ ನೆರಿಗೆಯಾದ ಕಂದು ಅಂಚು ಕಾಣಿಸುತ್ತದೆ. ಅಲ್ಲಿಂದ ನೀರು ಒಳಗೆ ಹೋಗುತ್ತದೆ, ಕಿವಿರಿನ ಮೇಲಿನ ಸಣ್ಣ ಸಣ್ಣ ರೋಮಗಳು ಪಾಚಿಯನ್ನು ಹಿಡಿದುಕೊಳ್ಳುತ್ತವೆ, ಸೋಸಿದ ನೀರು ಹೊರಗೆ ಬರುತ್ತದೆ. ಒಂದೆರಡು ಗಂಟೆ ಬಿಟ್ಟು ಬಂದರೆ ಮಸೆಲ್ ಇರುವ ಜಾಡಿಯ ಆಚೆ ಕಡೆ ಇಟ್ಟ ಕಾಗದವನ್ನು ಓದಬಹುದು. ಇನ್ನೊಂದು ಜಾಡಿ ಹಸಿರಾಗಿಯೇ ಇರುತ್ತದೆ.

ಇಷ್ಟು ನೋಡಿ ಜನ ಚಪ್ಪಾಳೆ ತಟ್ಟಿ ಹೋಗಿಬಿಡುತ್ತಾರೆ. ದಯವಿಟ್ಟು ಜಾಡಿಯ ತಳವನ್ನೂ ನೋಡಿ. ದಾರದ ತುಂಡುಗಳ ಹಾಗೆ ಕಪ್ಪು ಹಸಿರು ಎಳೆಗಳು ಬಿದ್ದಿರುತ್ತವೆ. ಬೆರಳು ಹಾಕಿ ಒಂದು ಸಲ ಕದಡಿ. ನೀರು ಮತ್ತೆ ಮಂಕಾಗುತ್ತದೆ. ಕೊಳೆ ಜಾಡಿ ಬಿಟ್ಟು ಹೋಗಿರಲಿಲ್ಲ. ಮೇಲಿದ್ದದ್ದು ಕೆಳಗೆ ಇಳಿದಿತ್ತು.

ಒಂದು ಸಿಂಪಿ ದಿನಕ್ಕೆ 190 ಲೀಟರ್ ನೀರು ಸೋಸುತ್ತೆ ಅಂತ ಓದಿದ್ದೆ. ಅಷ್ಟು ಮಾಡುತ್ತಾ?

ಅದು 50 ಗ್ಯಾಲನ್ ಅನ್ನುವ ಹಳೆಯ ಅಮೆರಿಕನ್ ಲೆಕ್ಕ. ದೊಡ್ಡ ಸಿಂಪಿ, ಬೆಚ್ಚಗಿನ ನೀರು, ಹದವಾದ ಉಪ್ಪು, ಹದವಾದ ಪಾಚಿ ಎಲ್ಲ ಕೂಡಿಬಂದಾಗ ಸಿಗುವ ಗರಿಷ್ಠ ಅಂಕಿ. ನಿಜವಾದ ನೀರಲ್ಲಿ ದಿನದ ಸರಾಸರಿ ಇದಕ್ಕಿಂತ ಬಹಳ ಕಡಿಮೆ. ನೀರು ತಣ್ಣಗಾದರೆ ಸಿಂಪಿ ನಿಧಾನವಾಗುತ್ತದೆ. ಕೆಸರು ಜಾಸ್ತಿಯಾದರೂ ನಿಧಾನವಾಗುತ್ತದೆ. ಮಳೆನೀರು ನುಗ್ಗಿ ಉಪ್ಪು ಇಳಿದರೆ ಬಾಗಿಲು ಮುಚ್ಚಿ ಕೂರುತ್ತದೆ. ಇಳಿತದಲ್ಲಿ ನೀರಿನಿಂದ ಹೊರಗಿದ್ದರೆ ಕೆಲಸವೇ ಇಲ್ಲ.

ಇನ್ನೊಂದು ವಿಷಯ. ಅವು ಎಲ್ಲವನ್ನೂ ಹಿಡಿಯುವುದಿಲ್ಲ. 2 ಮೈಕ್ರೋಮೀಟರಿಗಿಂತ ಸಣ್ಣ ಕಣಗಳು ಬಹುಪಾಲು ಕಿವಿರಿನ ಸಂದಿಯಿಂದ ನುಸುಳಿ ಹೋಗುತ್ತವೆ. ನೀರಲ್ಲಿ ಕರಗಿದ ಗೊಬ್ಬರವನ್ನು, ಅಂದರೆ ಪಾಚಿಯನ್ನು ಕೊಬ್ಬಿಸುವ ಸಾರಜನಕ, ರಂಜಕವನ್ನು, ಅವು ಸೋಸಲಾರವು. ಕರಗಿದ ಸಾರಜನಕವನ್ನು ಮೊದಲು ಪಾಚಿ ಕುಡಿಯಬೇಕು, ಆಮೇಲೆ ಆ ಪಾಚಿಯನ್ನು ಚಿಪ್ಪುಮೀನು ತಿನ್ನಬೇಕು.

ಹಾಗಾದರೆ ಸೋಸಿದ ಕೊಳೆ ಕೊನೆಗೆ ಎಲ್ಲಿಗೆ ಹೋಗುತ್ತೆ?

ಎಲ್ಲರೂ ಮೊದಲು ಕೇಳಬೇಕಾದ ಪ್ರಶ್ನೆ ಇದು. ಮೂರು ದಾರಿ ಇವೆ.

ತಿಂದದ್ದರಲ್ಲಿ ಒಂದು ಪಾಲು ಮಾಂಸವಾಗುತ್ತದೆ. ಒಂದು ಪಾಲು ಸಾರಜನಕ ಇರುವ ಅಮೋನಿಯಾ ಆಗಿ ನೇರ ನೀರಿಗೆ ವಾಪಸ್ ಬರುತ್ತದೆ. ಅದನ್ನು ಪಾಚಿ ಖುಷಿಯಾಗಿ ಕುಡಿಯುತ್ತದೆ, ಯಾಕೆಂದರೆ ಅದಕ್ಕೆ ಅಮೋನಿಯಾ ತಯಾರಾದ ಅಡುಗೆ ಇದ್ದ ಹಾಗೆ. ಉಳಿದ ಪಾಲು ತಳಕ್ಕೆ ಬೀಳುತ್ತದೆ. ಈ ತಳಕ್ಕೆ ಬೀಳುವುದರಲ್ಲೂ ಎರಡು ಬಗೆ. ಹೊಟ್ಟೆಯಿಂದ ಹಾದು ಬಂದದ್ದು ನಿಜವಾದ ಹಿಕ್ಕೆ. ಬೇಡ ಅನ್ನಿಸಿದ ಕೆಸರು, ತಿನ್ನಲಾರದಷ್ಟು ಪಾಚಿ ಇವನ್ನೆಲ್ಲ ಬಾಯಿಗೆ ಹೋಗುವ ಮೊದಲೇ ಲೋಳೆಯಲ್ಲಿ ಸುತ್ತಿ ಉಗುಳಿಬಿಡುತ್ತದೆ. ಅದನ್ನು ಹುಸಿ ಹಿಕ್ಕೆ ಅನ್ನಬಹುದು. ನೀರು ಕೊಳೆಯಾದಷ್ಟೂ ಹುಸಿ ಹಿಕ್ಕೆ ಜಾಸ್ತಿ.

ಬಿಡಿ ಬಿಡಿಯಾಗಿ ತೇಲುವ ಪಾಚಿ ತಳ ಸೇರುವುದಕ್ಕೆ ದಿನಗಟ್ಟಲೆ ಬೇಕು, ಎಷ್ಟೋ ಸಲ ಸೇರುವುದೇ ಇಲ್ಲ. ಗುಳಿಗೆ ಕಟ್ಟಿದ ಹಿಕ್ಕೆ ನಿಮಿಷಗಳಲ್ಲಿ ಕೆಳಗಿರುತ್ತದೆ. ಆಳ ಬರೀ ಒಂದೂವರೆ ಎರಡು ಮೀಟರ್ ಇರುವ ಲಗೂನಿನಲ್ಲಿ, ಹರಿವು ಮಂದವಾಗಿದ್ದರೆ, ಅದು ನೇರವಾಗಿ, ಚಿಪ್ಪುಮೀನು ಬೆಳೆಸಲು ಇಳಿಬಿಟ್ಟ ಹಗ್ಗದ ಬುಡದಲ್ಲೇ ಗುಡ್ಡೆ ಬೀಳುತ್ತದೆ. ಅಂದರೆ ಇಡೀ ಲಗೂನಿನಲ್ಲಿ ತೆಳುವಾಗಿ ಹರಡಿದ್ದ ಕೊಳೆಯನ್ನು ಚಿಪ್ಪುಮೀನು ಒಂದು ಕಡೆ ಗುಡಿಸಿ ಒಟ್ಟಿತು. ಗುಡಿಸಿದ್ದನ್ನು ಯಾರು ಎತ್ತುತ್ತಾರೆ ಅನ್ನುವುದರ ಮೇಲೆ ಮುಂದಿನ ಕಥೆ.

ತಳಕ್ಕೆ ಬಿದ್ದ ಹಿಕ್ಕೆಯಿಂದ ಯಾವಾಗಲೂ ಕೆಟ್ಟದ್ದೇನಾ?

ಅಲ್ಲ. ಹದವಾಗಿ ಬಿದ್ದರೆ ಒಳ್ಳೆಯದೂ ಆಗುತ್ತದೆ. ತಳದ ಕೆಸರಿನ ಮೇಲ್ಪದರದಲ್ಲಿ ಆಮ್ಲಜನಕ ಇರುತ್ತದೆ. ಅಲ್ಲಿನ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೇಟ್ ಮಾಡುತ್ತವೆ. ಒಂದೆರಡು ಮಿಲಿಮೀಟರ್ ಕೆಳಗೆ ಆಮ್ಲಜನಕ ಇಲ್ಲ. ಅಲ್ಲಿರುವ ಬೇರೆ ಬ್ಯಾಕ್ಟೀರಿಯಾ ಆ ನೈಟ್ರೇಟನ್ನು ಸಾರಜನಕ ಅನಿಲವಾಗಿ ಬದಲಿಸುತ್ತವೆ. ಅನಿಲ ಗುಳ್ಳೆಯಾಗಿ, ಕರಗಿ, ಕೊನೆಗೆ ಗಾಳಿಗೆ ಸೇರುತ್ತದೆ. ಹೀಗೆ ಯಾರೂ ಕೈ ಹಾಕದೆ ಲಗೂನಿನ ಹೊರೆ ಇಳಿಯುತ್ತದೆ. ತಳದ ಹುಳುಗಳು ಬಿಲ ತೋಡಿ ಕೆಸರಿಗೆ ಗಾಳಿ ಆಡಿಸುತ್ತಿದ್ದರೆ ಈ ಕೆಲಸ ಇನ್ನೂ ಚುರುಕು.

ಹದ ತಪ್ಪಿದರೆ ಎಲ್ಲ ತಿರುಗುಮುರುಗು. ಹಿಕ್ಕೆ ಕೊಳೆಯುವುದಕ್ಕೇ ಆಮ್ಲಜನಕವೆಲ್ಲ ಖರ್ಚಾಗುತ್ತದೆ. ಆಮ್ಲಜನಕ ಮುಗಿದ ಮೇಲೆ ಸಮುದ್ರದ ನೀರಿನ ಸಲ್ಫೇಟನ್ನು ಉಸಿರಾಡುವ ಬ್ಯಾಕ್ಟೀರಿಯಾ ಮೇಲೇಳುತ್ತವೆ. ಅವು ಬಿಡುವುದು ಹೈಡ್ರೋಜನ್ ಸಲ್ಫೈಡ್, ಅದು ವಿಷ. ಹುಳುಗಳು ಸಾಯುತ್ತವೆ. ಅಮೋನಿಯಾವನ್ನು ನೈಟ್ರೇಟ್ ಮಾಡುತ್ತಿದ್ದ ಬ್ಯಾಕ್ಟೀರಿಯಾ ಸುಮ್ಮನಾಗುತ್ತವೆ. ಕೆಸರಲ್ಲಿ ಕಬ್ಬಿಣ ಹಿಡಿದಿಟ್ಟಿದ್ದ ರಂಜಕವೂ ಬಿಟ್ಟುಕೊಂಡು ನೀರಿಗೆ ಬರುತ್ತದೆ. ಪಾಚಿಗೆ ಮತ್ತೆ ಹಬ್ಬ.

ತಳ ಹದವಾಗಿದೆಯೋ ಹದಗೆಟ್ಟಿದೆಯೋ ಅಂತ ಸಾಮಾನ್ಯ ಜನಕ್ಕೆ ತಿಳಿಯುತ್ತಾ?

ತಿಳಿಯುತ್ತದೆ. ಕಣ್ಣು ಮೂಗು ಸಾಕು. ಪಾರದರ್ಶಕ ಪ್ಲಾಸ್ಟಿಕ್ ಕೊಳವೆಯೊಂದನ್ನು ಹಗ್ಗಗಳ ಕೆಳಗಿನ ಕೆಸರಿಗೆ ಒಂದು ಗೇಣು ಚುಚ್ಚಿ, ಮೇಲಿನ ಬಾಯಿಯನ್ನು ಅಂಗೈಯಿಂದ ಬಿಗಿಯಾಗಿ ಮುಚ್ಚಿ ಎತ್ತಿ. ಕೆಸರು ಪದರ ಪದರವಾಗಿ ನಿಂತಿರುತ್ತದೆ. ಮೇಲಿನ ಒಂದೆರಡು ಸೆಂಟಿಮೀಟರ್ ಕಂದು ಬಣ್ಣ ಇದ್ದು, ಅದರಲ್ಲಿ ಹುಳುವಿನ ಬಿಲಗಳು ಕಂಡರೆ ತಳ ಉಸಿರಾಡುತ್ತಿದೆ. ಕಪ್ಪು ಮೇಲಿನವರೆಗೂ ಬಂದಿದ್ದು, ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಹೊಡೆದರೆ ಉಸಿರು ಕಟ್ಟಿದೆ. ಕೆಸರಿನ ಮೇಲೆ ಹತ್ತಿಯ ಎಳೆ ಹರಡಿದ ಹಾಗೆ ಬಿಳಿ ಪೊರೆ ಕಂಡರೆ ಅದು ಸಲ್ಫೈಡ್ ತಿಂದು ಬದುಕುವ ಬ್ಯಾಕ್ಟೀರಿಯಾ. ಅದು ಕಂಡ ಜಾಗದಲ್ಲಿ ಇನ್ನೊಂದು ಹಗ್ಗ ಕಟ್ಟುವ ಯೋಚನೆಯನ್ನು ಅಲ್ಲಿಗೇ ಬಿಡಬೇಕು.

ಹೋಲಿಕೆಗೆ ಕೃಷಿ ಇಲ್ಲದ ಜಾಗದ ಕೆಸರನ್ನೂ ತೆಗೆದು ನೋಡಲೇಬೇಕು. ಎಷ್ಟೋ ಲಗೂನ್‌ಗಳ ತಳ ಮೊದಲಿಂದಲೇ ಕಪ್ಪಾಗಿರುತ್ತದೆ. ಸುಮ್ನೆ ಕೃಷಿಕರ ಮೇಲೆ ಗೂಬೆ ಕೂರಿಸಬಾರದು.

ಕೊಯ್ಲು ಮಾಡಿದಾಗ ನೀರಿನಿಂದ ನಿಜಕ್ಕೂ ಎಷ್ಟು ಸಾರಜನಕ ಹೊರಗೆ ಹೋಗುತ್ತೆ?

ಒಂದು ಟನ್ ಮಸೆಲ್ ಎತ್ತಿದರೆ ಸುಮಾರು 10 ಕಿಲೋ ಸಾರಜನಕ, ಜೊತೆಗೆ ಒಂದು ಕಿಲೋಗಿಂತ ಸ್ವಲ್ಪ ಕಡಿಮೆ ರಂಜಕ ಹೊರಗೆ ಬರುತ್ತದೆ. ಇದು ಪಕ್ಕಾ ಲಾಭ. ಎತ್ತಿ ದಡಕ್ಕೆ ಹಾಕಿದ್ದು ಮತ್ತೆ ನೀರಿಗೆ ಹೋಗುವುದಿಲ್ಲ. ಡೆನ್ಮಾರ್ಕಿನ ಲಿಮ್‌ಫ್ಯೋರ್ಡ್ ನೀರಿನ ಒಂದು ಕವಲು ಸ್ಕೀವೆ ಫ್ಯೋರ್ಡ್. ಗೊಬ್ಬರದ ನೀರು ಸೇರಿ ಕೊಬ್ಬಿದ ಜಾಗ ಅದು. ಅಲ್ಲಿ ತಿನ್ನುವುದಕ್ಕಲ್ಲದೆ ಸಾರಜನಕ ತೆಗೆಯುವುದಕ್ಕೆಂದೇ ಮಸೆಲ್ ಬೆಳೆಸಿ ನೋಡಿದರು. ವರ್ಷಕ್ಕೆ ಒಂದು ಹೆಕ್ಟೇರಿಗೆ 0.6 ರಿಂದ 0.9 ಟನ್ ಸಾರಜನಕ ಸಿಕ್ಕಿತು. ಚಿಕ್ಕ ಅಂಕಿಯಲ್ಲ.

ಈಗ ಇನ್ನೊಂದು ಮಗ್ಗುಲಿಂದ ಲೆಕ್ಕ ಹಾಕೋಣ. ಒಬ್ಬ ಮನುಷ್ಯನ ಮಲಮೂತ್ರದಲ್ಲಿ ವರ್ಷಕ್ಕೆ ಸುಮಾರು 4 ಕಿಲೋ ಸಾರಜನಕ ಇರುತ್ತದೆ. 10,000 ಜನರ ಊರಿನ ಚರಂಡಿ ನೇರವಾಗಿ ಲಗೂನಿಗೆ ಹರಿದರೆ ವರ್ಷಕ್ಕೆ 40 ಟನ್. ಅಷ್ಟನ್ನು ವಾಪಸ್ ತೆಗೆಯಬೇಕಾದರೆ ವರ್ಷಾ ವರ್ಷ 4,000 ಟನ್ ಮಸೆಲ್ ಕೊಯ್ಯಬೇಕು. ಅದೂ ಆ ನೀರಿನ ಮಸೆಲನ್ನು ಯಾರೂ ತಿನ್ನುವ ಹಾಗಿಲ್ಲ. ಈ ಲೆಕ್ಕವನ್ನು ಒಂದು ಸಲ ಹಾಕಿದ ಮೇಲೆ "ಚಿಪ್ಪುಮೀನು ಹಾಕಿದರೆ ಚರಂಡಿ ಸಮಸ್ಯೆ ಮುಗಿಯಿತು" ಅನ್ನುವ ಮಾತು ಬಾಯಿಗೆ ಬರುವುದಿಲ್ಲ.

ಹಾಗಿದ್ದರೂ ಕೆಲವು ದೇಶಗಳು ಇದನ್ನು ಲೆಕ್ಕಕ್ಕೆ ತೆಗೆದುಕೊಂಡಿವೆಯಲ್ಲ?

ಹೌದು, ತೆಗೆದುಕೊಂಡಿವೆ. ಸ್ವೀಡನ್ನಿನ ಲೀಸೆಕಿಲ್ ಪಟ್ಟಣ 2000ರ ದಶಕದಲ್ಲಿ ತನ್ನ ಶುದ್ಧೀಕರಣ ಘಟಕದಲ್ಲಿ ಸಾರಜನಕ ತೆಗೆಯುವ ವ್ಯವಸ್ಥೆಗೆ ಬದಲು ಮಸೆಲ್ ಕೃಷಿಕರಿಗೆ ಹಣ ಕೊಟ್ಟು ನೋಡಿತು. ಅಮೆರಿಕದ ಚೆಸಪೀಕ್ ಕೊಲ್ಲಿಯಲ್ಲಿ 2016ರ ಕೊನೆಗೆ ಕೊಯ್ಲು ಮಾಡಿದ ಸಾಕು ಸಿಂಪಿಯ ಮಾಂಸದಲ್ಲಿರುವ ಸಾರಜನಕ, ರಂಜಕವನ್ನು ಅಧಿಕೃತ ಲೆಕ್ಕಕ್ಕೆ ಸೇರಿಸಿದರು. ಗಮನಿಸಿ: ಲೆಕ್ಕಕ್ಕೆ ಬಂದದ್ದು ಸೋಸಿದ ನೀರಿನ ಲೀಟರ್ ಅಲ್ಲ, ನೀರಿನಿಂದ ಹೊರಗೆ ಎತ್ತಿದ ಮಾಂಸ. ಅದೇ ಸರಿಯಾದ ಕ್ರಮ ಅಂತ ನಮಗೂ ಅನ್ನಿಸುತ್ತದೆ.

ಹೊಲಗಳಿಂದ ಹರಿದು ಬಂದು ಈಗಾಗಲೇ ನೀರಿಗೆ ಸೇರಿಹೋದ ಗೊಬ್ಬರವನ್ನು ಯಾವ ಘಟಕವೂ ಹಿಡಿಯಲಾರದು. ಅಂಥ ಕಡೆ ಚಿಪ್ಪುಮೀನು ಕೃಷಿ ನಿಜವಾದ ನೆರವು. ಕೊಳವೆಯಲ್ಲಿ ಬರುವ ಕೊಳೆಯನ್ನು ಕೊಳವೆಯ ತುದಿಯಲ್ಲೇ ತಡೆಯಬೇಕು.

ಎಷ್ಟು ಸಾಕಿದರೆ ಜಾಸ್ತಿಯಾಯಿತು ಅಂತ ಹೇಳುವುದು ಹೇಗೆ?

ಎರಡು ಅಂಕಿ ಪಕ್ಕಪಕ್ಕ ಇಟ್ಟು ನೋಡಬೇಕು. ಒಂದು, ಅಲ್ಲಿರುವ ಚಿಪ್ಪುಮೀನೆಲ್ಲ ಸೇರಿ ಇಡೀ ಲಗೂನಿನ ನೀರನ್ನು ಒಂದು ಸಲ ಸೋಸಲು ಬೇಕಾದ ದಿನ. ಇನ್ನೊಂದು, ಅಳಿವೆ ಬಾಯಿಯಿಂದ ನೀರು ಬದಲಾಗಲು ಬೇಕಾದ ದಿನ.

ಒಂದು ಉದಾಹರಣೆ. 2 ಚದರ ಕಿಲೋಮೀಟರ್ ಅಗಲ, ಸರಾಸರಿ ಒಂದೂವರೆ ಮೀಟರ್ ಆಳದ ಲಗೂನ್ ಅಂದುಕೊಳ್ಳಿ. ಅದರಲ್ಲಿ 300 ಕೋಟಿ ಲೀಟರ್ ನೀರು. ಒಂದು ಕೋಟಿ ಸಿಂಪಿ ಇವೆ, ಒಂದೊಂದು ದಿನಕ್ಕೆ 50 ಲೀಟರ್ ಸೋಸುತ್ತದೆ. ದಿನಕ್ಕೆ 50 ಕೋಟಿ ಲೀಟರ್ ಆಯಿತು, 6 ದಿನಕ್ಕೆ ಇಡೀ ಲಗೂನ್. ಕಡಲಿನ ನೀರು 3 ದಿನಕ್ಕೊಮ್ಮೆ ಬಂದು ಹೋಗುತ್ತಿದ್ದರೆ ಚಿಂತೆ ಕಡಿಮೆ: ಹೊಸ ಪಾಚಿ ಬರುತ್ತದೆ, ಹಿಕ್ಕೆ ಚದುರಿ ಹೋಗುತ್ತದೆ, ಆಮ್ಲಜನಕ ತುಂಬುತ್ತದೆ. ಅದೇ ಸಿಂಪಿಗಳು, ಅದೇ ಲಗೂನ್, ಆದರೆ ನೀರು ಬದಲಾಗಲು 30 ದಿನ ಬೇಕು ಅಂದುಕೊಳ್ಳಿ. ಆಗ ಒಂದೇ ನೀರು ಐದು ಸಲ ಸೋಸಿದ ಹಾಗಾಯಿತು. ಪಾಚಿಗೆ ಬೆಳೆಯಲು ಪುರಸೊತ್ತೇ ಇಲ್ಲ. ಸಿಂಪಿಗಳು ಸೊರಗುತ್ತವೆ, ಮಾರುವ ಗಾತ್ರಕ್ಕೆ ಬರಲು ವರ್ಷಗಳು ಜಾಸ್ತಿ ಹಿಡಿಯುತ್ತವೆ. ಬೆಳವಣಿಗೆ ನಿಧಾನವಾಯಿತು ಅಂತ ಇನ್ನಷ್ಟು ಮರಿ ಹಾಕುವವರಿದ್ದಾರೆ. ಅದರಿಂದ ಕೆಲಸ ಇನ್ನೂ ಕೆಡುತ್ತದೆ.

ಸ್ಪೇನಿನ ಗಲೀಸಿಯಾದಲ್ಲಿ 3,000ಕ್ಕೂ ಹೆಚ್ಚು ಮಸೆಲ್ ತೆಪ್ಪಗಳಿವೆ. ಒಂದೊಂದು ತೆಪ್ಪದಿಂದ ಸುಮಾರು 12 ಮೀಟರ್ ಉದ್ದದ 500 ಹಗ್ಗಗಳವರೆಗೆ ಇಳಿಬಿಟ್ಟಿರುತ್ತಾರೆ. "ಅಲ್ಲಿ ಅಷ್ಟು ಹಾಕಿದ್ದಾರೆ, ನಾವು ಯಾಕೆ ಹಾಕಬಾರದು" ಅಂತ ಕೇಳುವವರು ಒಂದು ಮಾತು ಮರೆಯುತ್ತಾರೆ. ಅದು ಲಗೂನ್ ಅಲ್ಲ. ಕಡಲಿಗೆ ಅಗಲವಾಗಿ ತೆರೆದ, ಕಡಲ ನೀರು ತುಂಬಿದ ಆಳದ ಕಣಿವೆಗಳು. ಅಟ್ಲಾಂಟಿಕ್‌ನ ಆಳದಿಂದ ಪೌಷ್ಟಿಕ ತಣ್ಣೀರು ಮೇಲೆದ್ದು ಮತ್ತೆ ಮತ್ತೆ ಒಳಗೆ ಬರುತ್ತದೆ. ಆ ಲೆಕ್ಕವನ್ನು ಒಂದೂವರೆ ಮೀಟರ್ ನೀರಿಗೆ ತರಲಾಗುವುದಿಲ್ಲ.

ಬೇಸಿಗೆಯಲ್ಲಿ ರಾತ್ರೋರಾತ್ರಿ ಎಲ್ಲ ಚಿಪ್ಪುಮೀನು ಸಾಯುವುದು ಯಾಕೆ?

ಬಿಸಿ ನೀರು ಆಮ್ಲಜನಕವನ್ನು ಕಡಿಮೆ ಹಿಡಿಯುತ್ತದೆ. 15 ಡಿಗ್ರಿಯ ಸಮುದ್ರದ ನೀರು ಲೀಟರಿಗೆ ಸುಮಾರು 8 ಮಿಲಿಗ್ರಾಂ ಹಿಡಿದರೆ 30 ಡಿಗ್ರಿಯದು 6ರ ಹತ್ತಿರ. ಅದೇ ಹೊತ್ತಿಗೆ ಎಲ್ಲ ಜೀವಿಗಳ ಉಸಿರಾಟ ಜಾಸ್ತಿಯಾಗುತ್ತದೆ, ತಳದ ಕೆಸರು ಬೇಗ ಬೇಗ ಕೊಳೆಯುತ್ತದೆ. ಹಗಲು ಪಾಚಿ ಆಮ್ಲಜನಕ ಕೊಡುತ್ತದೆ, ರಾತ್ರಿ ಅದೂ ತೆಗೆದುಕೊಳ್ಳುತ್ತದೆ. ಗಾಳಿ ಇಲ್ಲದ ನಾಲ್ಕೈದು ದಿನ ಬಂದರೆ ಮೇಲಿನ ನೀರು ಕೆಳಗಿನದಕ್ಕೆ ಬೆರೆಯುವುದಿಲ್ಲ. ಬೆಳಗಿನ ಜಾವದ ಹೊತ್ತಿಗೆ ತಳದಲ್ಲಿ ಆಮ್ಲಜನಕ 2 ಮಿಲಿಗ್ರಾಂಗಿಂತ ಕೆಳಗೆ ಇಳಿದಿರುತ್ತದೆ.

ಫ್ರಾನ್ಸಿನ ತೊ ಲಗೂನಿನವರು ಇದಕ್ಕೆ ಮಲೈಗ್ ಅನ್ನುತ್ತಾರೆ. ಅಲ್ಲಿನ ಆಕ್ಸಿತಾನ್ ಭಾಷೆಯಲ್ಲಿ ಕೆಟ್ಟ ನೀರು ಅಂತ ಅರ್ಥ. ಮೆಡಿಟರೇನಿಯನ್ ದಡದ 75 ಚದರ ಕಿಲೋಮೀಟರ್ ಲಗೂನ್ ಅದು. ಸಿಂಪಿ, ಮಸೆಲ್ ಎರಡನ್ನೂ ಸಾಕುತ್ತಾರೆ. 1975, 2003, 2006, 2018ರಲ್ಲಿ ಮಲೈಗ್ ದೊಡ್ಡದಾಗಿ ಬಂತು. 2018ರ ಬೇಸಿಗೆಯಲ್ಲಿ ಮಸೆಲ್ ಪೂರ್ತಿ ಹೋಯಿತು, ಸಿಂಪಿಯಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಸತ್ತಿತು. ಸತ್ತದ್ದು ಕೊಳೆತು ಗೊಬ್ಬರವಾಯಿತು. ಅದರ ಬೆನ್ನಿಗೇ ಬಹಳ ಸಣ್ಣ ಹಸಿರು ಪಾಚಿ ಎದ್ದು ನೀರೆಲ್ಲ ಹಸಿರಾಯಿತು. ಸಿಂಪಿಯ ಕಿವಿರಿಗೆ ಸಿಗದಷ್ಟು ಸಣ್ಣ ಪಾಚಿ! ನೀರು ಹಸಿರಾಗಿದ್ದೂ ಸಿಂಪಿಗೆ ಹೊಟ್ಟೆ ತುಂಬಲಿಲ್ಲ. ಇಡೀ ವರ್ಷದ ದುಡಿಮೆ ಒಂದು ವಾರದಲ್ಲಿ ಕರಗಿದ್ದನ್ನು ಕಂಡ ಕುಟುಂಬಗಳಿಗೆ ಇದೊಂದು ಅಂಕಿಸಂಖ್ಯೆಯ ಮಾತಲ್ಲ.

ಬಿಸಿ ಗಾಳಿಯ ಎಚ್ಚರಿಕೆ ಬಂದಾಗ ಕೊಯ್ಲಿಗೆ ಬಂದದ್ದನ್ನು ಬೇಗ ಎತ್ತಿಬಿಡುವುದು, ಉಳಿದ ಹಗ್ಗಗಳನ್ನು ತಳದಿಂದ ಮೇಲಕ್ಕೆ ಎಳೆದು ಕಟ್ಟುವುದು, ಸತ್ತದ್ದನ್ನು ನೀರಲ್ಲಿ ಬಿಡದೆ ದಡಕ್ಕೆ ಸಾಗಿಸುವುದು: ಕೈಯಲ್ಲಾಗುವುದು ಇಷ್ಟು.

ನೀರು ತಿಳಿಯಾದರೆ ಒಳ್ಳೆಯದೇ ಅಲ್ವಾ?

ಬಹಳ ಸಲ ಹೌದು. ನೀರು ತಿಳಿಯಾದರೆ ಬಿಸಿಲು ತಳ ಮುಟ್ಟುತ್ತದೆ, ಕಡಲಹುಲ್ಲು ಬೆಳೆಯುತ್ತದೆ. ಕಡಲಹುಲ್ಲು ಕೆಸರನ್ನು ಹಿಡಿದಿಡುತ್ತದೆ, ಮೀನುಮರಿಗಳಿಗೆ ಮನೆಯಾಗುತ್ತದೆ. ಆದರೆ ಅದೇ ಹುಲ್ಲಿನ ಮೇಲೆ ಒತ್ತೊತ್ತಾಗಿ ಚೌಕಟ್ಟು ನಿಲ್ಲಿಸಿ ಸಿಂಪಿ ತುಂಬಿದ ಚೀಲ ಹರಡಿದರೆ ನೆರಳಿಗೆ ಹುಲ್ಲು ಸಾಯುತ್ತದೆ. ಅಂತರ ಬಿಟ್ಟು ಕಟ್ಟಬೇಕು.

ಅತಿಯಾದ ತಿಳಿನೀರು ಎಂದರೆ ಖಾಲಿ ನೀರು. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಉತ್ತರ ಭಾಗಕ್ಕೆ 1986ರ ಹೊತ್ತಿಗೆ ಪೂರ್ವ ಏಷ್ಯಾದ ಒಂದು ಸಣ್ಣ ಕಪ್ಪೆಚಿಪ್ಪು ಬಂದು ಸೇರಿತು. ಅದನ್ನು ಯಾರೂ ಸಾಕಲಿಲ್ಲ, ತಾನಾಗಿ ಹರಡಿತು. ಮರುವರ್ಷದಿಂದ ಅಲ್ಲಿ ಪ್ರತಿ ಬೇಸಿಗೆ ಏಳುತ್ತಿದ್ದ ಪಾಚಿ ಇಲ್ಲದಂತಾಯಿತು. ಪಾಚಿ ತಿನ್ನುವ ಸೂಕ್ಷ್ಮ ಜೀವಿಗಳು, ಅವನ್ನು ತಿನ್ನುವ ಮೀನು, ಎಲ್ಲದಕ್ಕೂ ಪೆಟ್ಟು ಬಿತ್ತು. ಸೋಸುವ ಶಕ್ತಿ ಎಷ್ಟು ದೊಡ್ಡದು ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಕೊಳಕು ನೀರಲ್ಲಿ ಬೆಳೆದ ಚಿಪ್ಪುಮೀನು ತಿನ್ನಬಹುದಾ?

ಪರೀಕ್ಷೆ ಆಗದ ನೀರಿನದ್ದು ಬೇಡ. ನೀರನ್ನು ಸೋಸುವ ಜೀವಿ ಆ ನೀರಲ್ಲಿರುವ ರೋಗಾಣುವನ್ನೂ ತನ್ನಲ್ಲಿ ಕೂಡಿಡುತ್ತದೆ. ಯುರೋಪಿನಲ್ಲಿ ಬೆಳೆಯುವ ಜಾಗಗಳನ್ನೇ ದರ್ಜೆ ಮಾಡಿದ್ದಾರೆ. 100 ಗ್ರಾಂ ಮಾಂಸ ಮತ್ತು ಒಳದ್ರವದಲ್ಲಿ ಇ. ಕೋಲಿ (ಮಲದಿಂದ ಬರುವ ಬ್ಯಾಕ್ಟೀರಿಯಾ) ಎಣಿಕೆ 230ರ ಒಳಗಿದ್ದರೆ ಎ ದರ್ಜೆ, ನೇರ ಮಾರಬಹುದು. 4,600ರವರೆಗೆ ಬಿ ದರ್ಜೆ, ಶುದ್ಧ ಉಪ್ಪುನೀರಿನ ತೊಟ್ಟಿಯಲ್ಲಿ ಇಟ್ಟು ಹೊಟ್ಟೆ ಖಾಲಿ ಮಾಡಿಸಿ ಕೊಡಬೇಕು. 46,000ದವರೆಗೆ ಸಿ ದರ್ಜೆ, ಒಳ್ಳೆಯ ನೀರಿಗೆ ಸಾಗಿಸಿ ತಿಂಗಳುಗಟ್ಟಲೆ ಬಿಡಬೇಕು.

ತೊಟ್ಟಿಯಲ್ಲಿ ಎರಡು ದಿನ ಇಟ್ಟರೆ ಬ್ಯಾಕ್ಟೀರಿಯಾ ಬಹುಪಾಲು ಹೋಗುತ್ತದೆ. ವಾಂತಿ ಭೇದಿ ತರುವ ನೊರೊವೈರಸ್ ಅಷ್ಟು ಸುಲಭವಾಗಿ ಹೋಗುವುದಿಲ್ಲ, ವಾರಗಟ್ಟಲೆ ಉಳಿಯುತ್ತದೆ. 2023ರ ಡಿಸೆಂಬರ್ ಕೊನೆಗೆ ಫ್ರಾನ್ಸಿನ ಆರ್ಕಶೋನ್ ಕೊಲ್ಲಿಯ ಸಿಂಪಿ ಮಾರಾಟ ನಿಲ್ಲಿಸಿದ್ದು ಇದೇ ವೈರಸ್‌ನಿಂದ. ವರ್ಷದಲ್ಲಿ ಅತಿ ಹೆಚ್ಚು ಮಾರಾಟ ಆಗುವ ವಾರ ಅದು. ಅಲ್ಲಿ ಸಿಂಪಿ ನೀರನ್ನು ಕೆಡಿಸಿರಲಿಲ್ಲ, ಮನುಷ್ಯರ ಕೊಳಚೆ ಸಿಂಪಿಯನ್ನು ಕೆಡಿಸಿತ್ತು. ಕೃಷಿಕರು ಬೀದಿಗಿಳಿದು ಕೇಳಿದರೆ ಅದರಲ್ಲಿ ತಪ್ಪೇನಿದೆ?

ಪಾಚಿಯ ವಿಷ ಬೇರೆಯೇ ವಿಷಯ. ಕೆಲವು ಸೂಕ್ಷ್ಮ ಪಾಚಿಗಳು ವಿಷ ಮಾಡುತ್ತವೆ, ಚಿಪ್ಪುಮೀನು ಅದನ್ನು ತಿಂದೂ ಆರಾಮಾಗಿರುತ್ತದೆ, ತಿಂದ ಮನುಷ್ಯ ಮಲಗುತ್ತಾನೆ. 1987ರಲ್ಲಿ ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದ ಮಸೆಲ್ ತಿಂದು ನೂರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ಕನಿಷ್ಠ ಮೂವರು ತೀರಿಕೊಂಡರು, ಕೆಲವರಿಗೆ ನೆನಪಿನ ಶಕ್ತಿಯೇ ಹೋಯಿತು. ಕಾರಣ ಡೊಮೊಯಿಕ್ ಆಮ್ಲ. ಈ ವಿಷಗಳು ಬೇಯಿಸಿದರೂ ಹೋಗುವುದಿಲ್ಲ. ಅಧಿಕಾರಿಗಳು ಕೊಯ್ಲು ನಿಲ್ಲಿಸಿ ಅಂದ ದಿನ ನಿಲ್ಲಿಸಲೇಬೇಕು.

ದೋಣಿಯ ಬಣ್ಣದಿಂದಲೂ ತೊಂದರೆ ಅಂತಾರೆ?

ಆಗಿದೆ. 1970ರ ದಶಕದ ಕೊನೆಗೆ ಅದೇ ಆರ್ಕಶೋನ್‌ನಲ್ಲಿ ಸಿಂಪಿಯ ಮರಿ ಬದುಕಿ ಉಳಿಯದಂತಾಯಿತು. ಬೆಳೆದವುಗಳ ಚಿಪ್ಪು ದಪ್ಪ ದಪ್ಪವಾಗಿ ವಿಕಾರವಾಯಿತು. ದೋಣಿಯ ತಳಕ್ಕೆ ಪಾಚಿ ಹತ್ತದಿರಲಿ ಅಂತ ಬಳಿಯುತ್ತಿದ್ದ ಬಣ್ಣದಲ್ಲಿದ್ದ ವಿಷಕಾರಿ ರಾಸಾಯನಿಕ ಟ್ರೈಬ್ಯೂಟೈಲ್‌ಟಿನ್ ಅದಕ್ಕೆ ಕಾರಣ ಅಂತ ಗೊತ್ತಾಯಿತು. ಫ್ರಾನ್ಸ್ 1982ರಲ್ಲಿ ಸಣ್ಣ ದೋಣಿಗಳಿಗೆ ಅದನ್ನು ನಿಷೇಧಿಸಿತು, ಮರಿಗಳು ಮತ್ತೆ ಉಳಿಯತೊಡಗಿದವು. ಆಮೇಲೆ ಜಗತ್ತಿನ ಹಡಗುಗಳಿಗೂ ನಿಷೇಧ ಬಂತು. ನೀರಿನ ರೋಗವನ್ನು ಮೊದಲು ತೋರಿಸಿಕೊಟ್ಟದ್ದು ಚಿಪ್ಪುಮೀನು.

ಚಿಪ್ಪು ಇಂಗಾಲ ಹೀರಿಕೊಂಡು ಹವಾಮಾನಕ್ಕೆ ಸಹಾಯ ಮಾಡುತ್ತಾ?

ಹಾಗೆ ಹೇಳುವುದು ತಪ್ಪು. ಚಿಪ್ಪಿನಲ್ಲಿ ಇಂಗಾಲ ಇರುವುದು ನಿಜ. ಆದರೆ ನೀರಲ್ಲಿ ಕರಗಿರುವ ಬೈಕಾರ್ಬೊನೇಟಿನಿಂದ ಚಿಪ್ಪು ಕಟ್ಟುವಾಗ ಇಂಗಾಲದ ಡೈಆಕ್ಸೈಡ್ ಹೊರಗೂ ಬರುತ್ತದೆ, ಉಸಿರಾಟದಿಂದಲೂ ಬರುತ್ತದೆ. ಮೇವು ಹಾಕದೆ ಬೆಳೆಯುವ ಆಹಾರ ಅನ್ನುವ ಕಾರಣಕ್ಕೆ ಹೊಗಳಿ, ಅದು ಸಾಕು.

ತೇಲುಬುರುಡೆ, ಬಲೆ, ಹಗ್ಗ ಇವುಗಳ ಕಸ?

ದೊಡ್ಡ ತಲೆನೋವು. ಥರ್ಮೋಕೋಲ್ ತೇಲುಬುರುಡೆ ಬಿಸಿಲಿಗೆ ಪುಡಿಪುಡಿಯಾಗಿ ಕಾಳಿನಂತೆ ನೀರೆಲ್ಲ ಹರಡುತ್ತದೆ. ಒಮ್ಮೆ ಹರಡಿದರೆ ಆಯುವುದು ಅಸಾಧ್ಯ. ಗಟ್ಟಿ ಪ್ಲಾಸ್ಟಿಕ್ ಬುರುಡೆ ಬಳಸಿ, ಹಳೆಯ ಹಗ್ಗ ಕತ್ತರಿಸಿ ನೀರಿಗೆ ಬಿಡಬೇಡಿ.

ಅಳಿವೆ ಬಾಯಿ ಅಗಲ ಮಾಡಿದರೆ ಎಲ್ಲ ಸರಿಹೋಗುತ್ತಾ?

ಕೆಲವು ಕಡೆ ಬಹಳ ಸಹಾಯ ಆಗಿದೆ. ಇಟಲಿಯ ಪೊ ನದಿ ಮುಖಜದಲ್ಲಿ ಸಾಕಾ ದಿ ಗೋರೊ ಅನ್ನುವ ಲಗೂನ್ ಇದೆ. ಸುಮಾರು 26 ಚದರ ಕಿಲೋಮೀಟರ್, ಆಳ ಸರಾಸರಿ ಒಂದೂವರೆ ಮೀಟರ್. 1980ರ ದಶಕದಿಂದ ಅಲ್ಲಿ ಮನಿಲಾ ಕಪ್ಪೆಚಿಪ್ಪು ಸಾಕುತ್ತಾರೆ. ನದಿಯ ಗೊಬ್ಬರ ನೀರಿಗೆ ಎಲೆಯಂಥ ಹಸಿರು ಪಾಚಿ ಕೊಬ್ಬಿ, ಬೇಸಿಗೆಯಲ್ಲಿ ಕೊಳೆತು, ಕಪ್ಪೆಚಿಪ್ಪು ಸಾಯುತ್ತಿತ್ತು. ಮರಳ ದಿಬ್ಬದಲ್ಲಿ ಕಾಲುವೆ ಕಡಿದು ಕಡಲಿನ ನೀರು ಒಳಗೆ ಬಿಟ್ಟರು.

ಆದರೆ ಮರಳು ಮತ್ತೆ ತುಂಬುತ್ತದೆ, ಮತ್ತೆ ಮತ್ತೆ ಕಡಿಯಬೇಕು. ಉಪ್ಪು ಏರಿದರೆ ಸಿಹಿನೀರು ಬೇಕಾದ ಮೀನುಗಳಿಗೆ, ದಡದ ಬಾವಿಗಳಿಗೆ ತೊಂದರೆ. ಕೈ ಹಾಕುವ ಮೊದಲು ಎರಡೂ ಕಡೆಯವರನ್ನು ಕೂರಿಸಿ ಕೇಳಬೇಕು.

ನಮ್ಮ ಗುಂಪಿನಲ್ಲಿ ದುಬಾರಿ ಯಂತ್ರ ಇಲ್ಲ. ನಾವೇ ಏನೇನು ನೋಡಿಕೊಳ್ಳಬಹುದು?

ಆಮ್ಲಜನಕ ಅಳೆಯುವ ಒಂದು ಕೈಮೀಟರ್ ಮಾತ್ರ ಹೇಗಾದರೂ ಹೊಂದಿಸಿಕೊಳ್ಳಿ. ಅದನ್ನು ಮಧ್ಯಾಹ್ನ ಇಳಿಬಿಟ್ಟರೆ ಪ್ರಯೋಜನವಿಲ್ಲ. ಮಧ್ಯಾಹ್ನ ಎಲ್ಲ ಲಗೂನೂ ಚೆನ್ನಾಗಿಯೇ ಕಾಣುತ್ತದೆ. ಸೂರ್ಯ ಹುಟ್ಟುವ ಮೊದಲು ಹೋಗಿ, ತಳದಿಂದ ಒಂದು ಗೇಣು ಮೇಲೆ ಅಳೆಯಿರಿ. ಬೇಸಿಗೆಯಲ್ಲಿ ಅದು ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ ಲೀಟರಿಗೆ 2 ಮಿಲಿಗ್ರಾಂಗೆ ಬರುವವರೆಗೆ ಕಾಯಬೇಡಿ, 4ಕ್ಕೇ ಕೆಲಸ ಶುರು ಮಾಡಿ.

ಕಪ್ಪು ಬಿಳುಪು ಬಳಿದ ತಟ್ಟೆಗೆ ದಾರ ಕಟ್ಟಿ ಇಳಿಸಿ, ಎಷ್ಟು ಆಳಕ್ಕೆ ಕಣ್ಮರೆಯಾಯಿತು ಅಂತ ವಾರಕ್ಕೊಮ್ಮೆ ಬರೆದಿಡಿ. ಮೂರು ತಿಂಗಳಿಗೊಮ್ಮೆ ಕೆಸರಿನ ಕೊಳವೆ ತೆಗೆದು, ಕಪ್ಪು ಪದರ ಎಲ್ಲಿಂದ ಶುರು ಅಂತ ಸ್ಕೇಲಿನಲ್ಲಿ ಅಳೆದು, ಫೋಟೊ ಹಿಡಿದಿಡಿ. ಒಂದೇ ಹಗ್ಗದಿಂದ ಇಪ್ಪತ್ತು ಚಿಪ್ಪು ಆರಿಸಿ ಉದ್ದ, ಮಾಂಸದ ತೂಕ ನೋಡಿ. ಚಿಪ್ಪು ಬೆಳೆದು ಮಾಂಸ ಸೊರಗುತ್ತಿದ್ದರೆ ಊಟ ಸಾಲುತ್ತಿಲ್ಲ ಎಂದರ್ಥ, ಮುಂದಿನ ಸಲ ಮರಿ ಕಡಿಮೆ ಹಾಕಿ. ಇದಷ್ಟನ್ನೂ ಒಂದೇ ಪುಸ್ತಕದಲ್ಲಿ, ತಾರೀಕು, ಉಬ್ಬರ ಇಳಿತದ ಸಮಯ, ಹಿಂದಿನ ದಿನ ಬಿದ್ದ ಮಳೆ ಸಮೇತ ಬರೆಯಿರಿ. ಚರಂಡಿ ನೀರು ಬಿಡಬೇಡಿ ಅಂತ ಕೇಳಲು ಹೋದಾಗ ಮೇಜಿನ ಮೇಲೆ ಇಡಲು ನಿಮ್ಮ ಕೈಯಲ್ಲಿರುವುದು ಆ ಪುಸ್ತಕವೇ.